ಒಂದು ಪಲ್ಲವಿಯಷ್ಟು ಹಸಿರು ದೀಪ

ಗಡಿಯಾರದ ಅಂಗಡಿಯಿಂದ
ಮಂಗಳವಾರ, ಮಾರ್ಚ್ ೪

ಪ್ರೀತಿಯ ಪುಟ್ಟೀ,

ಕೆಮ್ಮು ಹೇಗಿದೆ? ಬಿಸಿನೀರು ಕುಡಿ ಎಂದರೆ ಅದರ ಮೇಲೊಂದು ಪ್ರಬಂಧ ಬರೆಯುವವಳು ನೀನು, ಆದರೂ ಕುಡಿ. ನನ್ನ ಒಂದು ಕಣ್ಣು ಮಂಜಾಗಿದೆ. ಭೂತಗನ್ನಡಿ ಹಾಕುವ ಕಣ್ಣಲ್ಲ, ಇನ್ನೊಂದು, ಹಾಗಾಗಿ ಕಸುಬಿಗೆ ತೊಂದರೆಯಿಲ್ಲ. ಅಮ್ಮನ ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ.

ಹೋದ ವಾರ ಫೋನಿನಲ್ಲಿ ನಿನಗೆ ದೊಡ್ಡ ಬುದ್ಧಿ ಹೇಳಿದೆ. ವಿಶ್ವವಿದ್ಯಾಲಯದ ನಿನ್ನ ಪುಟದಲ್ಲಿ ‘ಆಸಕ್ತಿ: ನಗರ ಅಧ್ಯಯನ, ಹಳೆಯ ಬಸ್ ಟಿಕೆಟ್, ಪಾಪ್ ಹಾಡು’ ಎಂದಿದ್ದರೆ ಕಾಯಂ ಕೆಲಸ ಯಾರು ಕೊಡುತ್ತಾರೆ, ಮೊದಲನೆಯದು ಇಟ್ಟು ಉಳಿದದ್ದು ತೆಗೆ ಎಂದೆ. ನೀನು “ಆಯ್ತಣ್ಣ” ಅಂದೆ. ವಾದ ಮಾಡದೆ ನೀನು ಒಪ್ಪಿದ್ದು ಹುಟ್ಟಿದ ಮೇಲೆ ಇದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ನಿನ್ನೆ ತೆರೆದು ನೋಡಿದೆ, ಟಿಕೆಟೂ ಇಲ್ಲ, ಹಾಡೂ ಇಲ್ಲ. ಮುಳ್ಳು ಕಿತ್ತ ಗಡಿಯಾರದ ಹಾಗಿದೆ ಪುಟ.

ನಾನು ಈ ಅಂಗಡಿ ತೆರೆದಾಗ ಗೋಡೆ ತುಂಬ ಗಡಿಯಾರ, ಒಂದೂ ಸರಿಯಾದ ಹೊತ್ತು ತೋರಿಸುತ್ತಿರಲಿಲ್ಲ. ಸರಿಯಿದ್ದರೆ ನನ್ನ ಹತ್ತಿರ ಏಕೆ ಬರುತ್ತಿದ್ದವು. ಶಾಲೆ ಬಿಟ್ಟ ಮೇಲೆ ನೀನು ಇಲ್ಲಿ ಸ್ಟೂಲಿನ ಮೇಲೆ ಕೂತು, ಎದುರಿನ ಸಿಗ್ನಲ್ಲಿನಲ್ಲಿ ರಸ್ತೆ ದಾಟುವವರಿಗೆ ಎಷ್ಟು ಹೊತ್ತು ಬೇಕೆಂದು ರೇಡಿಯೋದ ಪಾಪ್ ಹಾಡು ಗುನುಗಿಯೇ ಅಳೆಯುತ್ತಿದ್ದೆ. ಬಸ್ ಟಿಕೆಟಿನ ಹಿಂದೆ ಬರೆದಿಡುತ್ತಿದ್ದೆ. ಕಾಲೇಜು ಹುಡುಗ, ಅರ್ಧ ಪಲ್ಲವಿ. ಚೀಲ ಹಿಡಿದ ಹೆಂಗಸು, ಒಂದು ಪಲ್ಲವಿ. ಕೋಲಿನ ಅಜ್ಜ, ಪಲ್ಲವಿ ಮತ್ತು ಒಂದು ಚರಣ. ಹಸಿರು ದೀಪ ಮಾತ್ರ ಎಲ್ಲರಿಗೂ ಒಂದೇ ಪಲ್ಲವಿ. “ಅಜ್ಜನಿಗೆ ಉಳಿದ ಹಾಡು ಯಾರು ಕೊಡ್ತಾರಣ್ಣ?” ಎಂದು ಕೇಳಿದ್ದೆ. ನಾನು ಲೆಕ್ಕದ ಪುಸ್ತಕ ತೆಗಿ ಅಂದಿದ್ದೆ.

ಚಿಕ್ಕ ಚಕ್ರ ತಾನೆ ಎಂದು ತೆಗೆದರೆ ದೊಡ್ಡದು ತಿರುಗುವುದಿಲ್ಲ. ಊರಿನವರ ಗಡಿಯಾರಕ್ಕೆಲ್ಲ ಹೇಳುವ ಈ ಮಾತು ತಂಗಿಯ ವಿಷಯಕ್ಕೆ ನನಗೆ ಹೊಳೆಯಲಿಲ್ಲ ನೋಡು. ಶುಕ್ರವಾರ ಆ ಕಾಯಂ ಕೆಲಸದ ಸಂದರ್ಶನಕ್ಕೆ ಮೊದಲು ಆ ಸಾಲುಗಳನ್ನು ವಾಪಸ್ ಹಾಕು. ನಗುವವರು ನಗಲಿ, ಅವರ ಮುಂದೆ ಟಿಕೆಟ್ ಹರಡು. ಈ ಪತ್ರದ ಜೊತೆಗಿರುವ ಬಿಸ್ಕತ್ತಿನ ಡಬ್ಬದಲ್ಲಿ ಅಷ್ಟೂ ಇವೆ, ಒಂದನ್ನೂ ಎಸೆದಿಲ್ಲ. ಏಕೆ ಎಸೆದಿಲ್ಲ ಎಂದು ಕೇಳಬೇಡ.

ಅಮ್ಮನ ಆಶೀರ್ವಾದವಿದೆ, ನಿನ್ನ ಅತ್ತಿಗೆಯ ಬೈಗುಳವೂ ಇದೆ, ಅದು ನನಗೆ. ಗಂಟಲು ಜೋಪಾನ.

ಇಂತಿ, ತಡವಾಗಿ ತಿಳಿಯುವ
ನಿನ್ನ ಅಣ್ಣ

ತಾ.ಕ.: ನಿನ್ನೆ ಪುಟ ನೋಡಬೇಕೆನಿಸಿದ್ದು ಏಕೆಂದು ಬರೆಯಲೇ ಇಲ್ಲ. ಅಮ್ಮನನ್ನು ಎದುರಿನ ಡಾಕ್ಟರ ಹತ್ತಿರ ನಡೆಸಿಕೊಂಡು ಹೋಗುತ್ತಿದ್ದೆ. ಗೊತ್ತಿಲ್ಲದೆಯೇ ನಿನ್ನ ಹಾಡು ಬಾಯಿಗೆ ಬಂದಿತ್ತು. ಪಲ್ಲವಿ ಮುಗಿಯಿತು, ದೀಪ ಕೆಂಪಾಯಿತು, ನಾವಿನ್ನೂ ನಡುರಸ್ತೆಯಲ್ಲಿ. ಎರಡೂ ಕಡೆ ಹಾರ್ನ್. ಅಮ್ಮ ನನ್ನ ತೋಳು ಹಿಡಿದು ನಿಧಾನಕ್ಕೆ ದಾಟಿ, ಆಚೆ ದಡದಲ್ಲಿ ಉಸಿರು ತೆಗೆದುಕೊಂಡು, “ಎಷ್ಟಾಯ್ತು ಅಂತ ಬರ್ಕೋ, ಅವಳಿಗೆ ಬೇಕಾಗುತ್ತೆ” ಎಂದಳು. ಜೇಬಿನಲ್ಲಿ ಬಸ್ ಟಿಕೆಟ್ ಇತ್ತು. ಡಬ್ಬದಲ್ಲಿ ಎಲ್ಲಕ್ಕಿಂತ ಮೇಲಿರುವುದು ಅದೇ: ಅಮ್ಮ, ಪಲ್ಲವಿ, ಎರಡು ಚರಣ.