ಬಾಣಂತಿ ಕೋಣೆಗೆ ಬಂದ ಕಲ್ಲಿದ್ದಲು

ಮಾನ್ವಿ
೬ ಡಿಸೆಂಬರ್ ೧೯೮೬, ಶನಿವಾರ

ಮತ್ತೆ ಕರೆಂಟಿಲ್ಲ. ಕಂದೀಲಿನ ಬೆಳಕಿನಲ್ಲಿ ಪೇಪರ್ ತಿದ್ದುವುದು. ಫಸ್ಟ್ ಪಿಯುಸಿಯ ಒಬ್ಬ ಬರೆದಿದ್ದಾನೆ — 'ಪೆಟ್ರೋಲಿಯಂ ಎಂಬುದು ಬಂಕಿನಲ್ಲಿ ದೊರೆಯುವ ಖನಿಜ.' ಅರ್ಧ ಅಂಕ ಕೊಟ್ಟೆ. ನಮ್ಮೂರ ಬಂಕಿನಲ್ಲಿ ಅದೂ ಎಲ್ಲ ದಿನ ದೊರೆಯುವುದಿಲ್ಲವಾದ್ದರಿಂದ ಇನ್ನರ್ಧ ಕಡಿತ.

ಗುಲಬರ್ಗಾ ಆಕಾಶವಾಣಿಯಿಂದ ಕಾಗದ ಬಂದಿದೆ. 'ನೆಲದೊಡಲಿನ ಇಂಧನ: ಎಲ್ಲಿಂದ ಬಂತು, ಎಷ್ಟು ದಿನ?' ಹತ್ತು ನಿಮಿಷದ ಭಾಷಣ. ಧಾಟಿ ಲಘುವಾಗಿರಲಿ ಅಂತ ಷರಾ ಬೇರೆ. ನನಗೆ ಹಾಗೆ ಹೇಳುವುದು ಮೀನಿಗೆ ಈಜು ಅಂದಂತೆ. ಮೊದಲ ವಾಕ್ಯ ಸಿದ್ಧ — ಇಂಧನದಲ್ಲೇ ಧನವಿದೆ; ಅದು ಖರ್ಚಾದರೆ ಉಳಿಯುವುದು 'ಇಂ', ಮೂಗಿನಲ್ಲಿ ಅಳುವುದಕ್ಕೆ.

ಅವ್ವನ ಇಂಧನ ಚಿಂತೆ ಬೇರೆ. ತಂಗಿ ಬೂದೆಮ್ಮ ಚೊಚ್ಚಲ ಹೆರಿಗೆಗೆ ಬಂದವಳು ಈಗ ಹಿಂದಿನ ಕೋಣೆಯಲ್ಲಿ ಕೂಸಿನ ಜೊತೆ ಬಂದಿ. ಹೊರಸಿನ ಕೆಳಗೆ ಕೆಂಡದ ಸಿಗಡಿ ಹಗಲಿರುಳು ಕಾವು ಕೊಡುತ್ತಿರಬೇಕು. ಅಕಾಲದ ಮಳೆಗೆ ಕುಳ್ಳಿನ ಬಣವೆ ಪೂರಾ ತೊಯ್ದಿದೆ. ಜಾಲಹಳ್ಳಿಯಿಂದ ಸೋದರಮಾವ ಒಂದು ಬಂಡಿ ಕುಳ್ಳು ಕಳಿಸಬೇಕಿತ್ತು. ಅವರ ದೇವದುರ್ಗದ ಕಡೆಯೂ ಅದೇ ಮಳೆಯಂತೆ.

"ಯಂಕೋಬಾ, ಕುಳ್ಳೆಲ್ಲ ತಿರುಗಿ ಸೆಗಣಿ ಆಗ್ಯಾವ. ಬಾಣಂತಿಗಿ ಕಾವು ಹ್ಯಾಂಗ ಮಾಡ್ಲೋ?"

"ಎಮ್ಮಿಗಿ ವಾಪಸ್ ಕೊಟ್ಟು ಬಾ ಬೇ, ಬದಲಿ ಕೊಡ್ತದ."

ಕೋಣೆಯೊಳಗಿಂದ ಬೂದೆಮ್ಮ: "ನಗಿಸಬ್ಯಾಡೋ ಅಣ್ಣಾ, ಹೊಟ್ಟಿ ಹಿಡೀತದ."

೧೦ ಡಿಸೆಂಬರ್, ಬುಧವಾರ

ಮನೆ ತುಂಬ ಹೊಗೆ. ಹಸಿ ಕುಳ್ಳು ಉರಿಯುವುದಿಲ್ಲ, ಮುನಿಸಿಕೊಳ್ಳುತ್ತದೆ. ಗಳಿಗೆಗೊಮ್ಮೆ ಕೋಣೆಯ ಬಾಗಿಲು ತೆರೆಯಬೇಕು, ತೆರೆದರೆ ಚಳಿಗಾಳಿ. ಅವ್ವ ಎರಡಕ್ಕೂ ಬೈಯುತ್ತಾಳೆ.

ಸಂಜೆ ಪರಮಣ್ಣ ಬಂದ — ಬೂದೆಮ್ಮನ ಗಂಡ. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಕಂತ್ರಾಟುದಾರನ ಕೈಕೆಳಗೆ ವ್ಯಾಗನ್ನಿನಿಂದ ಕಲ್ಲಿದ್ದಲು ಇಳಿಸುವ ಕೆಲಸ. ಹೆಗಲ ಮೇಲೆ ಒಂದು ಗೋಣಿಚೀಲ. ಕಸದ ಜೊತೆ ಗುಡಿಸಿ ಹಾಕಿದ ಚೂರು, ಮುಕಾದಮನನ್ನು ಕೇಳಿ ತಂದೆ ಅಂದ. ಮನೆಯಲ್ಲಿ ಬೂದೆಮ್ಮ ಇದ್ದಳು, ಈಗ ಕಲ್ಲಿದ್ದಲೂ ಬಂತು ಅಂದೆ ನಾನು. ಯಾರೂ ನಗಲಿಲ್ಲ. ಪರಮಣ್ಣ ಮಗಳನ್ನು ಎತ್ತಿಕೊಳ್ಳಲು ಕೈಚಾಚಿದ. ಅವ್ವ ಹಿತ್ತಿಲಿಗೆ ಅಟ್ಟಿದಳು. ಮೂರು ಸಲ ಸೋಪು ಹಚ್ಚಿದರೂ ಉಗುರಿನ ಕಪ್ಪು ಹೋಗಲಿಲ್ಲ. ಮುಷ್ಟಿ ಮಡಿಚಿಕೊಂಡು, ಮುಂಗೈ ಮೇಲೆ ಕೂಸನ್ನು ಮಲಗಿಸಿಕೊಂಡು ಕೂತ.

ಅವ್ವ ಒಂದು ಚೂರನ್ನು ತಿರುಗಿಸಿ ನೋಡಿದಳು.

"ಕಲ್ಲು ಉರೀತದೇನೋ?"

"ಕಲ್ಲಲ್ಲ ಬೇ, ಗಿಡ. ಮನುಷ್ಯಾರು ಹುಟ್ಟೂಕಿಂತ ಮೊದ್ಲ ಕೆಸರಾಗ ಮುಳುಗಿದ ಅಡವಿ. ಮ್ಯಾಲ ಮಣ್ಣು ಬಿದ್ದು ಬಿದ್ದು ಹಿಂಗ ಆಗ್ಯದ."

"ಅಂದ್ರ ಕಟ್ಟಿಗಿನ ಅನ್ನು."

"ಮುದಿ ಕಟ್ಟಿಗಿ."

"ಮುದುಕರಿಗಿ ಸಿಟ್ಟು ಜಾಸ್ತಿ. ಕಾವೂ ಜಾಸ್ತಿನ ಇರಬೇಕು. ಹೊಗಿ?"

"ಹೊತ್ತೂ ಮಟ ಭಾರಿ ಹೊಗಿ. ಅಂಗಳದಾಗ ಹೊತ್ತಿಸು. ಕೆಂಪಗ ಆದ ಮ್ಯಾಲ ಹೊಗಿ ಅನ್ನೂದ ಇರೂದಿಲ್ಲ."

ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ.

೧೪ ಡಿಸೆಂಬರ್, ಭಾನುವಾರ

ಅವ್ವ ಖುಷಿಯಾಗಿದ್ದಾಳೆ. ಅಂಗಳದಲ್ಲಿ ಹೊತ್ತಿಸಿ, ಹೊಗೆ ಕಳೆದು, ದಾಸವಾಳದ ಹಾಗೆ ಕೆಂಪಾದ ಮೇಲೆ ಸಿಗಡಿ ಒಳಗೊಯ್ಯುತ್ತಾಳೆ. ಸದ್ಯ ಹಗಲು ಮಾತ್ರ, ಅದೂ ನಾಲ್ಕೇ ಚೂರು. ಚಳಿ ಜೋರಾದ ದಿನಕ್ಕೆ ಇರಲಿ ಅಂತ ಉಳಿಸುತ್ತಿದ್ದಾಳೆ. ಬಾಣಂತಿಗೆ ಎಣ್ಣೆ-ನೀರು ಹಾಕಲು ಬರುವ ಮುನವ್ವರ್ ಬೀ ಕೋಣೆಯೊಳಗೆ ಕಾಲಿಟ್ಟವಳೇ, "ಯಾ ಅಲ್ಲಾ, ಹೊಗಿ ಎಲ್ಲಿ ಹೋತು ಆದೆಮ್ಮಾ? ಕಣ್ಣಿಗಿ ಎಷ್ಟು ಆರಾಮ ಅದ!" ಅಂತ ಅವ್ವನಿಗೆ ಅಂದಳು. ಹೊಗೆ ಇಲ್ಲವಲ್ಲ, ಇನ್ನು ಕಿಂಡಿ ಯಾಕೆ ಅಂತ ಅವ್ವ ಹಳೆಯ ಕಂಬಳಿ ತುಂಡು ತುರುಕಿದ್ದಾಳೆ.

ಭಾಷಣ ಎಲ್ಲರಿಗೂ ಓದಿ ತೋರಿಸಿದೆ. ಬಸ್ಸು, ಪಂಪ್‌ಸೆಟ್ಟು, ಕಂದೀಲು, ಕರೆಂಟು — ಎಲ್ಲ ಆ ಮುಳುಗಿದ ಅಡವಿಯ ಮತ್ತು ಅಳಿದ ಜೀವಗಳ ಕೃಪೆ. ಕೋಟಿಗಟ್ಟಲೆ ವರ್ಷ ಕೂಡಿದ್ದನ್ನು ನಾವು ನಾಲ್ಕು ತಲೆಮಾರಿನಲ್ಲಿ ಉಡಾಯಿಸುತ್ತಿದ್ದೇವೆ. ಮೊಮ್ಮಕ್ಕಳು ಕೇಳಿದರೆ ಬೂದಿ ತೋರಿಸಬೇಕು. ಕೊನೆಯಲ್ಲಿ ಒಂದು ಸಾಲು ಹೊಸದಾಗಿ ಸೇರಿಸಿದೆ: 'ನಮ್ಮವ್ವನ ಸಿಗಡಿಗೂ ಈಗ ಕಲ್ಲಿದ್ದಲು ಬಂದಿದೆ — ಹೊಗೆ ಇಲ್ಲದ ಶಾಖ, ಬಾಣಂತಿಗೆ ಸುಖ!' ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ರೇಡಿಯೋದಲ್ಲಿ ತನ್ನ ಸಿಗಡಿ!

ಬೂದೆಮ್ಮ ತಲೆ ಭಾರ ಅಂದಳು. ಒಳಗೆ ಏನಾದರೂ ಇದ್ದರೆ ತಾನೇ ಭಾರ ಅಂದೆ. ದಿಂಬು ಎಸೆದಳು.

ಗುಲಬರ್ಗಾ
೧೬ ಡಿಸೆಂಬರ್, ಮಂಗಳವಾರ

ರೆಕಾರ್ಡಿಂಗ್ ಮುಗಿಯಿತು. ಸ್ಟುಡಿಯೋದ ಬಾಗಿಲು ಮುಚ್ಚಿದರೆ ಹೊರಗಿನ ಪ್ರಪಂಚವೇ ಇಲ್ಲ. ಗಾಜಿನ ಆಚೆ ಕೂತಿದ್ದ ಎಂಜಿನಿಯರು ಎರಡು ಸಲ ನಕ್ಕರು — ಸದ್ದು ಕೇಳಲಿಲ್ಲ, ಹೆಗಲು ಕುಣಿಯಿತು. ವಿಪರೀತ ಚಳಿ. ಲಾಡ್ಜಿನಲ್ಲಿ ಎರಡು ಚಾದರ ಇಸಿದುಕೊಂಡಿದ್ದೇನೆ. ನಾಳೆ ಮೊದಲ ಬಸ್ಸಿಗೆ ರಾಯಚೂರು, ಅಲ್ಲಿಂದ ಮನೆ. ಕೂಸಿಗೆ ಒಂದು ಉಲನ್ ಟೋಪಿ ಕೊಂಡೆ. ತಲೆಗಿಂತ ದೊಡ್ಡದೇನೋ. ಬೆಳೆಯುತ್ತದೆ.

ಮಾನ್ವಿ
೨೧ ಡಿಸೆಂಬರ್, ಭಾನುವಾರ

ಕೂಸು ಇಲ್ಲ.

ಬರೆಯುತ್ತೇನೆ. ಇಲ್ಲಿಯಾದರೂ.

ಬುಧವಾರ ನಾನು ಬರುವ ಹೊತ್ತಿಗೆ ಮಣ್ಣು ಮಾಡಲು ಕಾದಿದ್ದರು. ಹಿಂದಿನ ರಾತ್ರಿ ಚಳಿ ತಡೆಯದೆ ಅವ್ವ ಸಿಗಡಿ ತುಂಬ ಕಲ್ಲಿದ್ದಲು ಹಾಕಿದಳಂತೆ. ಕೆಂಪಾಗುವವರೆಗೆ ಅಂಗಳದಲ್ಲಿ ಕೂತು ಬೀಸಿದಳಂತೆ. ಒಳಗಿಟ್ಟು, ಬಾಗಿಲು ಎಳೆದುಕೊಂಡು, ತಾನು ಹೊರಗೆ ಹೊಸ್ತಿಲಿಗೆ ತಲೆಕೊಟ್ಟು ಮಲಗಿದಳಂತೆ. ಬೆಳಿಗ್ಗೆ ಮುನವ್ವರ್ ಬೀ ಬಂದು ಬಾಗಿಲು ತೆರೆದಾಗ ಬೂದೆಮ್ಮ ಎಷ್ಟು ಕೂಗಿದರೂ ಏಳಲಿಲ್ಲ. ಅಂಗಳಕ್ಕೆ ಎಳೆದು ತಂದು ಮಲಗಿಸಿದ ಮೇಲೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಕೂಸು ಏಳಲಿಲ್ಲ.

ಅವ್ವ ನನ್ನ ಕೈ ಹಿಡಿದು ತೋರಿಸಿದಳು. "ನೋಡೋ ಯಪ್ಪಾ, ಗಲ್ಲ ಹ್ಯಾಂಗ ಕೆಂಪಗ ಅದಾವ. ಸತ್ತ ಕೂಸಿನ ಮಾರಿ ಹಿಂಗ ಇರ್ತದೇನೋ? ಮಲಗ್ಯದ, ಮಲಗ್ಯದ."

ಆ ಕೆಂಪು ನನಗೆ ಗೊತ್ತು. ಬೋರ್ಡಿನ ಮೇಲೆ ಎಷ್ಟು ವರ್ಷದಿಂದ ಬರೆಸುತ್ತಿದ್ದೇನೆ — ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ. ವಾಸನೆಯಿಲ್ಲ. ರಕ್ತಕ್ಕೆ ಅಂಟಿಕೊಂಡರೆ ಬಿಡುವುದಿಲ್ಲ, ಚರ್ಮ ಕೆಂಪೇರುತ್ತದೆ. ಕುಳ್ಳಿನ ಬೆಂಕಿಯಲ್ಲೂ ಅದು ಇರುತ್ತದೆ. ಆದರೆ ಕುಳ್ಳಿನ ಹೊಗೆ ಕಣ್ಣು ಚುಚ್ಚಿ, ಕೆಮ್ಮಿಸಿ, ಬಾಗಿಲು ತೆರೆಸುತ್ತಿತ್ತು. ಇದಕ್ಕೆ ಹೊಗೆ ಇರಲಿಲ್ಲ. ಬಾಗಿಲು ತೆರೆಯಲು ಯಾರಿಗೂ ಕಾರಣ ಸಿಗಲಿಲ್ಲ.

ಅವ್ವನ ಮುಖ ನೋಡಿ ಹೇಗೆ ಹೇಳಲಿ?

೨೪ ಡಿಸೆಂಬರ್, ಬುಧವಾರ

ಓಣಿಯವರೆಲ್ಲ 'ಗಾಳಿ ಬಡಿದದ್ದು' ಎಂದು ತೀರ್ಮಾನ ಮಾಡಿದ್ದಾರೆ. ಬೂದೆಮ್ಮ ಯಾವತ್ತೋ ದೀಪ ಹಚ್ಚುವ ಹೊತ್ತಿನಲ್ಲಿ ತಲೆಗೆ ಬಟ್ಟೆ ಕಟ್ಟದೆ ಹಿತ್ತಿಲಿಗೆ ಹೋಗಿದ್ದಳಂತೆ. ಅವಳೂ ಅದನ್ನೇ ನಂಬಿದ್ದಾಳೆ.

"ಅಣ್ಣಾ, ನನ್ನಿಂದನ ಆತೇನೋ?"

"ಇಲ್ಲವ್ವಾ."

"ಮತ್ತ ಯಾಕಾತು?"

ಎದ್ದು ಹೊರಗೆ ಬಂದೆ.

ಪರಮಣ್ಣ ಇಂದು ತನ್ನೂರು ಕಲ್ಲೂರಿಗೆ ಹೊರಟ. ಕೂಸು ಹೋದ ಮನೆಯಲ್ಲಿ ಬಾಣಂತಿಯ ಸಾಮಾನು ಬೇಡ ಅಂತ ಅವ್ವ ಉಳಿದ ಅರ್ಧ ಚೀಲ ಕಲ್ಲಿದ್ದಲು ಅವನ ಬಂಡಿಗೆ ಹಾಕಿಸಿದಳು. ನೋಡುತ್ತ ನಿಂತಿದ್ದೆ. ಹೋದರೆ ಸಾಕು ಅನ್ನಿಸಿತು. ಎಲ್ಲಿಗೆ ಎಂಬುದು ತಲೆಗೆ ಬರಲಿಲ್ಲ.

೨೮ ಡಿಸೆಂಬರ್, ಭಾನುವಾರ

ಭಾಷಣದ ಪ್ರಸಾರ ಇಂದು ಎಂಬುದು ಮರೆತೇ ಹೋಗಿತ್ತು. ಮೀರಾಹುಸೇನನ ಸೈಕಲ್ ಅಂಗಡಿಯ ಮುಂದೆ ಬರುತ್ತಿದ್ದೆ. ಒಳಗಿನ ರೇಡಿಯೋದಲ್ಲಿ ನಾನು ಮಾತಾಡುತ್ತಿದ್ದೆ. '…ಹೊಗೆ ಇಲ್ಲದ ಶಾಖ, ಬಾಣಂತಿಗೆ ಸುಖ!' ಎಷ್ಟು ಹುಮ್ಮಸ್ಸಿನ ದನಿ. ಮೀರಾಹುಸೇನ ನನ್ನನ್ನು ನೋಡಿ ಗಡಿಬಿಡಿಯಿಂದ ಬಂದ್ ಮಾಡಿದ. "ಬರ್ರಿ ಮಾಸ್ತರ, ಚಾ ಕುಡೀರಿ" ಅಂದ. ಕುಡಿದೆ.

ಆ ಅಡವಿ ನೆಲದೊಳಗೆ ಅಷ್ಟು ಕಾಲ ಯಾರ ತಂಟೆಗೂ ಬರದೆ ಮಲಗಿತ್ತು. ಖಾಲಿಯಾಗುತ್ತದೆ ಅಂತ ಹತ್ತು ನಿಮಿಷ ಎಚ್ಚರಿಸಿದೆ. ಉರಿಯುವಾಗ ಏನು ಬೆಲೆ ಕೇಳುತ್ತದೆ ಅಂತ ಒಂದು ಮಾತೂ ಹೇಳಲಿಲ್ಲ.

೫ ಜನವರಿ ೧೯೮೭, ಸೋಮವಾರ

ಪರಮಣ್ಣ ಹೆಂಡತಿಯನ್ನು ನೋಡಲು ಬಂದಿದ್ದ. ಹೋಗುವಾಗ ಅಂಗಳದಲ್ಲಿ, ದನಿ ತಗ್ಗಿಸಿ — ಅವನ ಅಣ್ಣ ಗದ್ದೆಪ್ಪನ ಹೆಂಡತಿ ಹೆತ್ತಿದ್ದಾಳಂತೆ. ಮೂರನೆಯದು, ಹೆರಿಗೆ ಕಲ್ಲೂರಿನಲ್ಲೇ. ಗಂಡು.

"ಬೂದೆಮ್ಮಗ ಹೇಳಬ್ಯಾಡ್ರಿ, ಸಂಕಟ ಆಗ್ತದ. ನಾಳಿ ಸಂಜಿಗಿ ಕೋಣಿಯೊಳಗ ಸಿಗಡಿ ಇಡ್ತಾರ. ಆ ಚೀಲ ಇನ್ನೂ ಬಿಚ್ಚಿಲ್ಲ ನೋಡ್ರಿ, ಹ್ಯಾಂಗೋ ಉಪಯೋಗಕ್ಕ ಬಂತು."

ಹೋದ ಕೂಸಿನ ಅಪ್ಪ ಅವನು. ಚೀಲ ಹೊತ್ತು ತಂದವನೂ ಅವನೇ. ನಾಳೆ ನಾನೇ ಬರುತ್ತೇನೆ ಅಂದೆ.

೬ ಜನವರಿ, ಮಂಗಳವಾರ — ಮಧ್ಯಾಹ್ನ

ಬೆಳಿಗ್ಗೆಯೇ ಕಲ್ಲೂರಿಗೆ ಹೋಗಿ ಬಂದೆ. ಪರಮಣ್ಣನ ತಾಯಿ ಬಂಡೆಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿದಳು. ಕಲ್ಲಿದ್ದಲು ಬೇಡ, ಮುಚ್ಚಿದ ಕೋಣೆಯಲ್ಲಿ ಅಪಾಯ, ಇಟ್ಟರೂ ಬಾಗಿಲು ತೆರೆದಿರಲಿ ಅಂದೆ.

ಗದ್ದೆಪ್ಪ ನಕ್ಕ. "ಮಾಸ್ತರ, ರೇಡಿಯೋದಾಗ ಮನಿಮಂದಿಯೆಲ್ಲ ಕೇಳೀವಿ. ಹೊಗಿ ಇಲ್ಲದ ಶಾಖ ಅಂದ್ರಿ. ಈಗ ಬ್ಯಾಡ ಅಂತೀರಿ. ಇದರಾಗ ಚ್ಯಾಷ್ಟಿ ಯಾವುದು, ಖರೇ ಯಾವುದು?"

ಬಂಡೆಮ್ಮ ನಗಲಿಲ್ಲ. "ನಿಮ್ಮ ಮನ್ಯಾಗ ಕೂಸಿಗಿ ಗಾಳಿ ಬಡೀತು. ಅದಕ್ಕ ನಾವು ಬಾಗಲಾ ಬಿಗಿ ಮಾಡಾಕತ್ತೀವಿ. ನೀವು ತೆಗೀರಿ ಅಂತೀರಿ. ಹಂಗಾರ ನಮ್ಮ ಪರಮಣ್ಣನ ಕೂಸು ಈ ಇದ್ದಲಿಯಿಂದ ಹೋತೇನು? ಹೇಳ್ರಿ."

ಪರಮಣ್ಣ ಬಾಗಿಲಲ್ಲಿ ನಿಂತಿದ್ದ. ಹೌದು ಅಂದರೆ ಸಿಗಡಿ ಇಟ್ಟ ಕೈ ಯಾರದು ಅಂತ ಕೇಳುತ್ತಾರೆ.

'ಅಲ್ಲ' ಅಂದೆ.

"ಮತ್ತೇನ್ರಿ ಮಾಸ್ತರ" ಎಂದು ಬಂಡೆಮ್ಮ ಮಜ್ಜಿಗೆ ತರಲು ಎದ್ದಳು.

ಬಸ್ಸಿನ ತುಂಬ ಆ ಒಂದು ಪದವೇ ಕಿವಿಯಲ್ಲಿ.

ಮನೆಗೆ ಬಂದಾಗ ಅವ್ವ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. ಹೇಳಿದೆ. ಎಲ್ಲ. ತಮಾಷೆಯ ಮಾತು ಒಂದೂ ಬರಲಿಲ್ಲ. ಮೊರದ ಮೇಲೆ ಅವಳ ಕೈ ನಿಂತಿತು.

"ಹೊಗಿ ಇದ್ದಿದ್ದಿಲ್ಲಲ್ಲೋ."

"ಇದ್ದಿದ್ರ ಗೊತ್ತಾಗ್ತಿತ್ತು ಬೇ. ಇಲ್ಲದ್ದಕ್ಕ ಗೊತ್ತಾಗಲಿಲ್ಲ."

"ಕೆಂಪಗಾಗೂ ಮಟ ಕಾದಿದ್ದೆ. ನೀ ಹೇಳಿದಂಗ."

"ಹೌದು."

"ನಿನಗ ಮೊದ್ಲ ಗೊತ್ತಿತ್ತೇನು?"

"ಪುಸ್ತಕದಾಗಿಂದು ಗೊತ್ತಿತ್ತು. ನಮ್ಮ ಕೋಣಿಯೊಳಗ ಅಂತ ಹೊಳೀಲಿಲ್ಲ."

ಒಳಗಿನಿಂದ ಬೂದೆಮ್ಮ ಬಂದು ಗೋಡೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿದ್ದಾಳೆ. "ಹಂಗಾರ ನಾ ಹಿತ್ತಲಕ ಹೋಗಿದ್ದಕ್ಕಲ್ಲ?" ಎಂದಳು. ಅಲ್ಲ ಅಂದೆ. ಅಲ್ಲಿಯೇ ಕುಸಿದು, ಆವತ್ತಿನಿಂದ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅವ್ವ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು. ತಾನು ಅಳಲಿಲ್ಲ. ಅವಳ ತಲೆ ನೇವರಿಸುತ್ತ ನನ್ನ ಕಡೆ ನೋಡಿದಳು.

"ಕಲ್ಲೂರಾಗ ಏನಂದ್ರು?"

"ನಕ್ಕರು."

"ನಿನ್ನ ಮಾತಿಗಿ ಯಾರು ನಗೂದಿಲ್ಲ? ಬಸ್ಸು ಎಷ್ಟಕ್ಕದ?"

ಮುನವ್ವರ್ ಬೀಯನ್ನು ಬೂದೆಮ್ಮನ ಹತ್ತಿರ ಕೂಡಿಸಿ ಹೊರಡುತ್ತಿದ್ದೇವೆ. ಸೀರೆ ಬದಲಿಸುತ್ತಿದ್ದಾಳೆ. ಬೀಗರ ಮನೆಗೆ ಹೋಗುವಾಗ ಉಡುವ ಸೀರೆ.

ಕಲ್ಲೂರು — ಸಂಜೆ

ಕಟ್ಟೆಯ ಮೇಲೆ ಒಬ್ಬನೇ. ಗಂಡಸರು ಬಾಣಂತಿ ಕೋಣೆಗೆ ಹೋಗುವಂತಿಲ್ಲ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ನಾವು ಬಂದಾಗ ಸಿಗಡಿ ಅಂಗಳದಲ್ಲಿತ್ತು, ಪೂರಾ ಕೆಂಪಾಗಿತ್ತು. ಇನ್ನೇನು ಒಳಗೊಯ್ಯಬೇಕು. ಅವ್ವ ಅದರ ಕಡೆ ನೋಡದೆ ನೇರ ಒಳಗೆ ಹೋದಳು.

ಅವಳ ದನಿ ಕೇಳುತ್ತಿದೆ. ಜೋರಿಲ್ಲ, ಒಡೆದೂ ಇಲ್ಲ. "ಬಂಡೆಮ್ಮಾ, ಗಾಳಿ ಅಲ್ಲವ್ವಾ. ನಾನು. ನನ್ನ ಕೈಲೆ ಇಟ್ಟೆ. ಬೆಚ್ಚಗಿರಲಿ ಅಂತ ಕಿಂಡಿಗಿ ಕಂಬಳಿ ತುರುಕಿದೆ. ನನ್ನ ಮಮ್ಮಗಳು…"

ಬಂಡೆಮ್ಮ ಏನೋ ಕೂಗಿದಳು. ಯಾರೋ ಸುಮ್ಮನಿರಿಸಿದರು. ಕೂಸೊಂದು ಅಳುತ್ತಿದೆ — ಹಸಿದ ಅಳು, ಗಟ್ಟಿ ಅಳು.

ಗದ್ದೆಪ್ಪ ಹೊರಗೆ ಬಂದ. ನನ್ನ ಕಡೆ ನೋಡಲಿಲ್ಲ. ಸಿಗಡಿಗೆ ಒಂದು ಕೊಡ ನೀರು ಸುರಿದ. ಚೀಲ ಎತ್ತಿಕೊಂಡು ತಿಪ್ಪೆಯ ಕಡೆ ಹೋದ. ಕೋಣೆಯ ಬಾಗಿಲು ಪೂರಾ ತೆರೆದಿದೆ.

ಪರಮಣ್ಣ ಬಂದ. ಪಕ್ಕದಲ್ಲಿ ಕೂತ. ತನ್ನ ಉಗುರು ನೋಡಿಕೊಂಡ.

"ಮುಂಜಾನಿ ಅವ್ವ ಕೇಳಿದಾಗ 'ಅಲ್ಲ' ಅಂದ್ರಿ."

ಹೂಂ ಅಂದೆ.

"ಬರಿಯೂದು ಬಿಡ್ರಿ ಮಾಸ್ತರ. ನನ್ನ ಮಾರಿ ನೋಡಿ ಹೇಳ್ರಿ, ನನ್ನ ಮಗಳಿಗಿ ಆ ಹೊತ್ತಿನಾಗ ನೋವು ಆತೇನು?" ಪೆನ್ನು ಕೆಳಗಿಡುತ್ತೇನೆ.