ಹೂತುಹೋದ ಕಾಲುವೆ

ಉಬ್ರಾಣಿ
೨೨–೧೦–೨೦೨೪

ಗೆಳೆಯ ದುರುಗಪ್ಪನಿಗೆ ಅಂಜಿನಪ್ಪನ ನಮಸ್ಕಾರ.

ಹೊನ್ನಾಳಿಯಲ್ಲಿ ಮಗಳ ಮನೆ ಊಟ ಮೈಗೆ ಹತ್ತಿರಬೇಕು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಮಂಡಿನೋವು ಅಂತ ಸುಳ್ಳು ಹೇಳಬಹುದಿತ್ತು. ಬರೆಯುವ ಮನಸ್ಸಿರಲಿಲ್ಲ, ಅಷ್ಟೆ.

ನಿನ್ನ ಮೊಮ್ಮಗಳು ಚೈತ್ರಶ್ರೀ ಊರು ಬಿಟ್ಟು ಓಡಿಬಂದು ನಿನ್ನ ಹತ್ತಿರವೇ ಇದ್ದಾಳಂತಲ್ಲ, ಅಲ್ಲೇ ಇಟ್ಟುಕೋ. ಮಳೆ ಈಗೀಗ ಮೊದಲಿನ ಹಾಗೆ ಲೆಕ್ಕಕ್ಕೆ ಸಿಗುವುದಿಲ್ಲ, ಹಿರಿಯರಿಗೆ ಗೊತ್ತಿರುವುದನ್ನೆಲ್ಲ ಬರೆದಿಟ್ಟು ಊರು ಕಾಯುತ್ತೇವೆ ಅಂತ ಹುಡುಗರನ್ನು ಕಟ್ಟಿಕೊಂಡು ಹೊರಟವಳು ಅವಳೇ ತಾನೆ? ಕೆರೆ ತುಂಬಿದರೆ ಹೆಚ್ಚಿನ ನೀರು ಹಳ್ಳಕ್ಕೆ ಹೋಗುತ್ತಿದ್ದ ಹಳೇ ಕಾಲುವೆ ಮುಚ್ಚಿಹೋಗಿ ಎಷ್ಟೋ ವರ್ಷ. ಅದನ್ನು ಮತ್ತೆ ತೋಡಿಸಿದಳು. ನೀರಗಂಟಿಯಾಗಿ ಹೊಲಹೊಲಕ್ಕೆ ನೀರು ಬಿಟ್ಟು ತಲೆ ಬೆಳ್ಳಗಾದವನು ಅಂತ ಕಾಲುವೆ ಇದ್ದ ಜಾಗ ತೋರಿಸಲು ನನ್ನನ್ನೇ ಕರೆದರು, ಫೋಟೋ ತೆಗೆದರು. ನಾನೂ ಹಿಗ್ಗಿದೆ ಬಿಡು.

ಕೆರೆ ಕೋಡಿ ಬಿದ್ದ ದಿನ ನೀರು ಹೊಸ ತೋಡಿನಲ್ಲಿ ಹರಿದು, ಹಳ್ಳದ ಕಡೆ ತಿರುಗದೆ ಕೆಳಗಿನ ಓಣಿಗೇ ನುಗ್ಗಿತು. ಏಳು ಮನೆ ಬಿದ್ದವು. ಮೇಕೆ ಬಿಚ್ಚಲು ಹೋದ ಗುಲ್ಜಾರ್‌ಬೀ ಗೋಡೆಯ ಕೆಳಗೆ ಸಿಕ್ಕಿ ಸತ್ತಳು. ಹಬ್ಬಕ್ಕೆ ನಿನಗೆ ಸುರಕುಂಬಾ ಪಾಯಸ ಕಳಿಸುತ್ತಿದ್ದಳಲ್ಲ, ಅವಳೇ.

ಊರವರು ಕಟ್ಟೆಯ ಹತ್ತಿರ ಸೇರಿದಾಗ ಕೆಳಗಿನ ಓಣಿಯ ಕಲ್ಲೇಶ ಕೇಳಿದ, "ಯಾರವ್ವಾ ನಿನಗೆ ಕಾಲುವೆ ಗುರುತು ತೋರಿಸಿದ್ದು?" ನಿನ್ನ ಮೊಮ್ಮಗಳು ನನ್ನ ಮುಖ ನೋಡಿದಳು. ಆಮೇಲೆ, "ಅಜ್ಜ ಸರಿಯಾಗೇ ತೋರಿಸಿದ್ರು. ಗುರುತಿನ ಗೂಟ ಹೊಡೆಯೋದ್ರಾಗೆ ನಾನೇ ತಪ್ಪಿದೆ" ಅಂದಳು. ಗುಲ್ಜಾರ್‌ಬೀ ಮಗ ಅಲ್ತಾಫ್ ಅವಳ ಮುಖಕ್ಕೆ ಉಗಿದ. ಯಾರೂ ತಡೆಯಲಿಲ್ಲ. ನಾನೂ ಬೈದೆ, "ದೊಡ್ಡೋರು ಹೇಳಿದ್ದನ್ನ ನೆಟ್ಟಗೆ ಕೇಳಾಕೆ ಬರಲ್ಲ, ಊರು ಕಾಯಾಕೆ ಹೊಂಟಾಳೆ!" ಎಲ್ಲರೂ ಹೌದು ಹೌದು ಅಂದರು.

ಅವಳಿಗೊಂದು ಒಳ್ಳೇ ಗಂಡು ನೋಡಿ ಮದುವೆ ಮಾಡು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ
ಅಂಜಿನಪ್ಪ

ತಾ.ಕ.: ಗುರುತು ಹಾಕಿದ ದಿನ ಹುಡುಗರು ಬಂದಿರಲಿಲ್ಲ, ಹೊಲದಲ್ಲಿದ್ದವರು ಮೂವರೇ. ನಾನು, ನಿನ್ನ ಮೊಮ್ಮಗಳು, ಮೇಕೆ ಮೇಯಿಸುತ್ತಿದ್ದ ಗುಲ್ಜಾರ್‌ಬೀ. ಕಾಲುವೆ ಎಲ್ಲಿತ್ತೋ ನನಗೆ ನೆನಪೇ ಆಗಲಿಲ್ಲ ಕಣೋ. ಅಷ್ಟು ಚಿಕ್ಕ ಹುಡುಗಿ ಮುಂದೆ ಮರೆತೆ ಅನ್ನಲು ನಾಚಿಕೆಯಾಯಿತು, ಎಲ್ಲೋ ಒಂದು ಕಡೆ ಕೋಲು ಚಾಚಿದೆ. "ಅಲ್ಲಣ್ಣಾ, ಅದು ಬೇವಿನಮರದ ಆಚೆ ಇತ್ತು" ಅಂದಳು ಗುಲ್ಜಾರ್‌ಬೀ. "ಮೇಕೆ ಕಾಯೋಳಿಗೆ ನೀರಿನ ದಾರಿ ಏನ್ ಗೊತ್ತೈತೆ, ಸುಮ್ನಿರು" ಅಂತ ಗದರಿದೆ. ಚೈತ್ರಶ್ರೀ ನನ್ನನ್ನೇ ನಂಬಿದಳು.

ಓದಿ ಒಲೆಗೆ ಹಾಕು. ತೋಡನ್ನು ಸರಿಯಾದ ಕಡೆ ತಿರುಗಿಸಬೇಕು, ಜಾಗ ತೋರಿಸಬೇಕು ಅಂತ ಹುಡುಗರು ಮತ್ತೆ ನನ್ನನ್ನೇ ಕರೆದಿದ್ದಾರೆ. ಸೋಮವಾರ ಬರುತ್ತೇನೆ ಅಂದಿದ್ದೇನೆ.