ಕಂಕುಳಡಿಯ ಗಂಟು

ಭಾನುವಾರ, ಊಟ ಮುಗಿದು ಅಮ್ಮ ಅಡ್ಡಾದ ಮೇಲೆ

ಮುರಿದ ಬಲಗೈ ಮತ್ತು ಮುರಿಯದ ಮೊಂಡುತನ ಎರಡಕ್ಕೂ ಒಡತಿಯಾದ ನನ್ನ ಅಕ್ಕನ ಸನ್ನಿಧಾನಕ್ಕೆ,

ತಂಗಿಯ ಸಾಷ್ಟಾಂಗ ನಮಸ್ಕಾರಗಳು. ಅಲ್ಲಿ ತನ್ನ ಮನೆಯಲ್ಲಿ ಚಿಕ್ಕಮ್ಮ ನಿನಗೆ ತುತ್ತು ಮಾಡಿ ಬಾಯಿಗಿಡುತ್ತಿದ್ದಾಳೆಂದು ತಿಳಿದು ಹೊಟ್ಟೆಕಿಚ್ಚಾಯಿತು. ಇಲ್ಲಿ ನನಗೆ ತಟ್ಟೆ ತೊಳೆಯುವ ಭಾಗ್ಯ ಮಾತ್ರ.

ನಿನ್ನೆ ಕಲಾಭವನದಲ್ಲಿ ನಡೆದ ಘನ ಸಮಾರಂಭದ ವರದಿಯನ್ನು ಈ ಮೂಲಕ ಒಪ್ಪಿಸುತ್ತಿದ್ದೇನೆ. ಗಂಭೀರವಾಗಿ ಓದತಕ್ಕದ್ದು. ನಕ್ಕರೆ ನಿನಗಿನ್ನೂ ಪಕ್ಕೆ ನೋಯುತ್ತದಂತೆ.

ಕೊಯ್ಲಿನ ಕೊನೆಯ ಕಟ್ಟಿನಿಂದ ನೀನು ಹೆಣೆದ ಆಳೆತ್ತರದ ಹುಲ್ಲಜ್ಜಿಯನ್ನು ಭಾವನವರು ವ್ಯಾನಿನಲ್ಲಿ ಮಲಗಿಸಿಕೊಂಡು ತಂದರು. ಕೆಳಗೆ ಚೀಟಿ ಅಂಟಿಸಿದ್ದರು. ಕಲಾವಿದರು ಅಂತ ಅದರಲ್ಲಿ ಇದ್ದದ್ದು ಅವರದೇ ಹೆಸರು. ನೀನೆಲ್ಲಿ ಎಂದು ಕೇಳಿದವರಿಗೆ, ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು ಅಂದರು. ಮುಂದಿನ ಸಾಲಿನಲ್ಲಿದ್ದ ಅಮ್ಮನೂ ಅದನ್ನೇ ಹೇಳಿದಳು, ಕೇಳದವರಿಗೂ ಕರೆದು ಹೇಳಿದಳು. ಪ್ಲಾಸ್ಟರ್ ಬಿಚ್ಚಿದ ಕೂಡಲೇ ನಿನ್ನನ್ನು ವಾಪಸ್ ಕಳಿಸುತ್ತೇನೆಂದು ಅಳಿಯನಿಗೆ ಮಾತು ಬೇರೆ ಕೊಟ್ಟಿದ್ದಳು. ಇದನ್ನು ನಿನಗೆ ಬರೆಯಕೂಡದೆಂದು ನನಗೆ ತಾಕೀತಾಗಿದೆ. ಆದ್ದರಿಂದ ಬರೆದಿಲ್ಲ ಅಂತಲೇ ಇಟ್ಟುಕೋ.

ಅಂದಹಾಗೆ ಅಜ್ಜಿಗೆ ಚಳಿಯಾದೀತೆಂದು ಯಾರೋ ಪುಣ್ಯಾತ್ಮರು ನಿನ್ನ ನೀಲಿ ಶಾಲನ್ನು ಹೊದಿಸಿಬಿಟ್ಟಿದ್ದರು. ಯಾರೆಂದು ತನಿಖೆ ನಡೆಯುತ್ತಿದೆ.

ಅಜ್ಜಿಯನ್ನು ಮಾಡಿದವರೇ ಬಡಿದು ಕಾಳು ಉದುರಿಸಬೇಕಲ್ಲ, ಅದನ್ನು ವೇದಿಕೆಯ ಮೇಲೆ ತೋರಿಸಿ ಎಂದು ಭವನದ ಕಾರ್ಯದರ್ಶಿ ಕೇಳಿಕೊಂಡರು. ಭಾವನವರು ಖುಷಿಯಿಂದ ಅಂಗಿಯ ತೋಳು ಮಡಚಿದರು. ಬಡಿಯುವುದು ಅಂದರೆ ನಮ್ಮ ಮನೆಯಲ್ಲಿ ಏನೆಂದು ನಿನಗೆ ಗೊತ್ತು. ಎಡಗಂಕುಳಡಿಯ ಜಾರುಗಂಟಿಗೆ ಕೋಲಿನ ತುದಿಯಿಂದ ಒಂದು ತಟ್ಟು, ಅಷ್ಟೇ. ಹುರಿ ಸರ್ರನೆ ಬಿಚ್ಚಿ, ಒಡಲಿನ ಕಾಳು ಸುರಿದು, ಅಜ್ಜಿ ತಾನಾಗಿಯೇ ಕೂರಬೇಕು. ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸುವ ಹಾಗೆ ಬಡಿಯಬೇಕು ಅಂತ ಅಮ್ಮ ನಮಗೆ ಕಲಿಸಿದ್ದಳು. ಪಾಪ, ಭಾವನವರಿಗೆ ಆ ಪದಕ್ಕೆ ಗೊತ್ತಿದ್ದದ್ದು ಒಂದೇ ಅರ್ಥ. ಅದರಲ್ಲಿ ಅವರು ಪಾರಂಗತರು.

ಮೊದಲ ಏಟು ಹೆಗಲಿಗೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಮತ್ತೊಂದು ಸೊಂಟಕ್ಕೆ. ಅಜ್ಜಿ ಜಗ್ಗಲಿಲ್ಲ. ಹಿಂದಿನಿಂದ ಯಾರೋ, ಅಜ್ಜಿ ತಿಂಡಿ ಚೆನ್ನಾಗಿ ತಿಂದು ಬಂದಿದ್ದಾಳೆ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಕಿವಿಗೆ ಬಿದ್ದದ್ದೇ ತಡ, ಕೋಲು ಏಳುವ ರೀತಿಯೇ ಬದಲಾಯಿತು.

ಮುಖ ಬಿಟ್ಟು ಹೊಡೆದರು, ಅಕ್ಕ. ಬೆನ್ನು, ಪಕ್ಕೆ, ತೊಡೆ, ಹೀಗೆ ಬಟ್ಟೆ ಮುಚ್ಚುವ ಜಾಗಗಳನ್ನೇ ಆರಿಸಿಕೊಂಡು. ಹುಲ್ಲಿನ ಚೂರು ದೀಪದ ತನಕ ಹಾರಿತು. ಅಜ್ಜಿ ಮಗ್ಗುಲಾಗಿ ಉರುಳಿದಾಗ ಬೂಟುಗಾಲಲ್ಲಿ ಹೊಟ್ಟೆಗೆ ಒದ್ದರು. ತೆನೆಯ ಜಡೆ ಹಿಡಿದು ವೇದಿಕೆಯ ಉದ್ದಕ್ಕೂ ಎಳೆದರು. ಬಲಗೈಯನ್ನು ಮೆಟ್ಟಿ, ತಿರುಚಿದರು. ಒಳಗಿನ ಬಿದಿರುಕಡ್ಡಿ ಲಟಕ್ಕೆಂದಿತು. ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಹಲ್ಲು ಕಚ್ಚಿಕೊಂಡು, ಮೆಲ್ಲಗೆ ಅವರು ಆಡಿದ ಮಾತು ಕೊನೆಯ ಸಾಲಿಗೂ ಕೇಳಿಸಿತು.

"ಎದ್ದೇಳು. ನಾಟಕ ಮಾಡ್ಬೇಡ. ಯಾರೂ ಬರಲ್ಲ."

ಅಮ್ಮ ಹೋದಳು. ಕೈಚೀಲವನ್ನು ನನ್ನ ಮಡಿಲಿಗೆ ಎಸೆದು, ಮೆಟ್ಟಿಲು ಹತ್ತಿ, ಅಜ್ಜಿಯ ಪಕ್ಕ ಮಂಡಿಯೂರಿ ಕೂತಳು. ನೀಲಿ ಶಾಲನ್ನು ಸ್ವಲ್ಪ ಹೊತ್ತು ಸವರುತ್ತಲೇ ಇದ್ದಳು. ಆಮೇಲೆ ಅದರಡಿ ಬೆರಳು ತೂರಿಸಿ ಗಂಟನ್ನು ತಟ್ಟಿದಳು. ಹುರಿ ಬಿಚ್ಚಿತು. ಕಾಳು ವೇದಿಕೆಯಿಂದ ಜನರ ಕಾಲಬುಡಕ್ಕೆ ಹರಿಯಿತು.

"ಇವಳನ್ನ ಮಾಡಿದ್ದು ನನ್ನ ಮಗಳು," ಅಂದಳು. ಎದ್ದು ನಿಂತು ಭಾವನವರ ಕೈಯಿಂದ ಕೋಲು ತೆಗೆದುಕೊಂಡಳು. "ನಿಮಗೆ ಬಡಿಯೋದು ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ, ಅಳಿಯಂದಿರೇ."

ಮುಂದಿನದನ್ನು ವರದಿ ಮಾಡಲಾರೆ. ನಾನು ಬಗ್ಗಿ ಕಾಳು ಆರಿಸುತ್ತಿದ್ದೆ. ಕಾರ್ಯದರ್ಶಿಗಳೂ ಆರಿಸುತ್ತಿದ್ದರು. ಇಡೀ ಸಭೆಯೇ ತಲೆ ತಗ್ಗಿಸಿ ಬಹಳ ಶ್ರದ್ಧೆಯಿಂದ ಕಾಳು ಆರಿಸುತ್ತಿತ್ತು. ಸದ್ದು ಮಾತ್ರ ಕೇಳಿಸಿತು. ಹುಲ್ಲಿನ ಸದ್ದಲ್ಲ.

ನೀನು ಎಲ್ಲಿಗೂ ವಾಪಸ್ ಹೋಗಬೇಕಾಗಿಲ್ಲ. ಬೆಳಿಗ್ಗೆ ಅಮ್ಮ ಹಿಂದಿನ ಕೋಣೆ ಗುಡಿಸಿ, ದೊಡ್ಡ ತೊಟ್ಟಿಯಲ್ಲಿ ಹುಲ್ಲು ನೆನೆಹಾಕಿದಳು. ನಿನ್ನ ಕೈ ಕೂಡುವ ತನಕ ನಾನು ಹೆಣೆಯಬೇಕಂತೆ, ನೀನು ಪಕ್ಕದಲ್ಲಿ ಕೂತು ಬೈಯಬೇಕಂತೆ. ಬೇಗ ಬಾ, ನನ್ನ ಹೆಣಿಗೆ ಬೈಗುಳಕ್ಕೆ ಹೇಳಿ ಮಾಡಿಸಿದ ಹಾಗಿದೆ.

ನಿನ್ನ ವಿಧೇಯ ತಂಗಿ,
ಕಪಿ

ಮರೆತಿದ್ದೆ: ಭಾವನವರ ಮೊಣಕೈ ನೋಡಿದ ಮೂಳೆ ಡಾಕ್ಟರು, ಇದು ಹೇಗಾಯಿತು ಎಂದು ಅಮ್ಮನನ್ನು ಕೇಳಿದರು. ಬಚ್ಚಲಲ್ಲಿ ಜಾರಿ ಬಿದ್ದರು ಅಂದಳು. ನಿನಗೆ ಪ್ಲಾಸ್ಟರ್ ಹಾಕಿದ್ದೂ ಅದೇ ಡಾಕ್ಟರು. ಈ ಸಲವೂ ಮತ್ತೇನೂ ಕೇಳದೆ ಬರೆದುಕೊಂಡರು.